ಮನಗೂಳಿಯ ದಾರಿ ಮತ್ತು ಬಿಜಾಪುರದ ಛಾಯಾಚಿತ್ರಗಳು

ದೇಶಸಂಚಾರದಿಂದ ಹುಟ್ಟಿದ ಛಾಯಾಚಿತ್ರ ಗ್ರಂಥಗಳನ್ನು ಚರಿತ್ರಕಾರರು ಸಾಮಗ್ರಿಯೆಂದು ಬಳಸಿಕೊಳ್ಳುವುದುಂಟು. ಗ್ರಂಥಗಳೆಂದು ಓದಿ ಅವುಗಳ ಗುಣದೋಷಗಳನ್ನು ತೂಗಿ ನೋಡುವವರು ವಿರಳ. 1866ರಲ್ಲಿ ಲಂಡನ್ನಿನ ಜಾನ್ ಮರೆ ಪ್ರಕಟಿಸಿದ ‘ಆರ್ಕಿಟೆಕ್ಚರ್ ಅಟ್ ಬೀಜಾಪೂರ್’ ಎಂಬ ದೊಡ್ಡ ಸಂಪುಟವು ಅಂತಹ ಓದಿಗೆ ಅರ್ಹವಾದುದು. 2014ರಿಂದ ವಿಜಯಪುರವೆಂದು ಕರೆಯಲ್ಪಡುತ್ತಿರುವ ನಗರದ ಕಟ್ಟಡಗಳನ್ನು ಹೊರನಾಡಿನ ವಿದ್ವಾಂಸರ ಕಣ್ಣೆದುರಿಗೆ ತಂದಿಟ್ಟ ಕೀರ್ತಿ ಅದಕ್ಕಿದೆ.

ಗ್ರಂಥದ ಮುಖಪತ್ರವನ್ನೇ ಮೊದಲು ಪರಿಶೀಲಿಸತಕ್ಕದ್ದು. ಚಿತ್ರಗಳು ಎರಡು ಬಗೆಯವೆಂದು ಅದರಿಂದ ತಿಳಿಯುವುದು. ಕ್ಯಾಪ್ಟನ್ ಹಾರ್ಟ್, ಕಮ್ಮಿಂಗ್ ಮತ್ತು ದೇಶೀಯ ನಕ್ಷೆಗಾರರು ಬರೆದ ರೇಖಾಚಿತ್ರಗಳಿಂದ ತೆಗೆದ ಛಾಯಾಚಿತ್ರಗಳು ಒಂದು ಬಗೆ. ಕರ್ನಲ್ ಬಿಗ್ಸ್ ಮತ್ತು ಮೇಜರ್ ಲಾಕ್ ಸ್ಥಳದಲ್ಲಿಯೇ ತೆಗೆದವು ಇನ್ನೊಂದು ಬಗೆ. ಚರಿತ್ರೆಯ ಕಥನವನ್ನು ಮೆಡೋಸ್ ಟೇಲರನೂ ವಾಸ್ತುಟಿಪ್ಪಣಿಗಳನ್ನು ಜೇಮ್ಸ್ ಫರ್ಗುಸನ್ನನೂ ಬರೆದಿರುವರು.

ಈ ಎರಡು ಬಗೆಗಳ ಭೇದವನ್ನು ಮರೆತರೆ ಗ್ರಂಥದ ತಾತ್ಪರ್ಯವೇ ತಪ್ಪಿಹೋಗುವುದು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಾಹನ ಗೋರಿಯಾದ ಗೋಲ ಗುಮ್ಮಟವನ್ನೇ ತೆಗೆದುಕೊಳ್ಳಬಹುದು. ಒಳಗೆ ಸುಮಾರು 124 ಅಡಿ ವ್ಯಾಸವುಳ್ಳ ಆ ಗುಮ್ಮಟಕ್ಕೆ ನಡುವೆ ಒಂದು ಕಂಬದ ಆಸರೆಯೂ ಇಲ್ಲ. ಚೌಕದ ಗೋಡೆಗಳ ಮೇಲೆ ಎದ್ದ ಕಮಾನುಗಳು ಒಂದನ್ನೊಂದು ಕತ್ತರಿಸಿ ಒಳಕ್ಕೆ ಚಾಚಿಕೊಂಡು, ಗುಮ್ಮಟದ ಹೊರಒತ್ತಡವನ್ನು ತಮ್ಮ ಭಾರದಿಂದ ತಡೆಯುವುವೆಂದು ಫರ್ಗುಸನ್ ವಿವರಿಸಿದನು. ಹೊರಗೆ ನಿಂತು ತೆಗೆದ ಛಾಯಾಚಿತ್ರದಲ್ಲಿ ಈ ಮರ್ಮ ಎಳ್ಳಷ್ಟೂ ಕಾಣದು. ಅಳತೆಯ ರೇಖಾಚಿತ್ರವೇ ಅದನ್ನು ತೋರಬೇಕು. ಬಿರುಕು, ಮಳೆಯ ಕಲೆ, ಸಂದಿನಲ್ಲಿ ಬೆಳೆದ ಗಿಡ ಇವುಗಳ ವಿಷಯದಲ್ಲಿ ಛಾಯಾಚಿತ್ರವೇ ಸಾಕ್ಷಿ. ಒಂದು ಕಟ್ಟಡದ ನಿಯಮವನ್ನು ಹೇಳಿದರೆ, ಇನ್ನೊಂದು ಅದರ ಅವಸ್ಥೆಯನ್ನು ಹೇಳುವುದು.

ಭೂದೃಶ್ಯದ ವಿಷಯದಲ್ಲಿ ಮಾತ್ರ ಗ್ರಂಥವು ಬಡವಾಗಿದೆ. ಇದಕ್ಕೆ ಕಲಾವಿದನ ಉದಾಸೀನವೊಂದೇ ಕಾರಣವಲ್ಲ. 1855ರಲ್ಲಿ ಮುಂಬಯಿ ಸರಕಾರದ ಛಾಯಾಚಿತ್ರಗಾರನಾಗಿ ನೇಮಕಗೊಂಡ ಬಿಗ್ಸ್ ಬಳಸಿದುದು ಕಾಗದದ ನೆಗೆಟಿವ್. ಅದಕ್ಕೆ ಬೆಳಕನ್ನು ಬಹಳ ಹೊತ್ತು ಊಡಬೇಕಾಗಿತ್ತು. ಚಲಿಸುವ ಮನುಷ್ಯರೂ ದನಕರುಗಳೂ ಅದರಲ್ಲಿ ಮೂಡಲಾರವು. ನೀಲಿ ಬಣ್ಣಕ್ಕೆ ಅದು ಅತಿ ಬೇಗ ಸ್ಪಂದಿಸುವುದರಿಂದ ಆಕಾಶವೆಲ್ಲ ಬರಿಯ ಬಿಳುಪಾಗುವುದು. ಜನರಿಲ್ಲದ ಬೀದಿ, ಮೋಡವಿಲ್ಲದ ಬಾನು ಇವು ಬಿಜಾಪುರದ ಸ್ವಭಾವವಲ್ಲ, ಸಾಧನದ ಮಿತಿ. ಈ ಮಿತಿಯನ್ನು ಅರಿಯದ ವಾಚಕನು ಚಿತ್ರದ ಮೌನವನ್ನೇ ನಗರದ ಮೌನವೆಂದು ಬಗೆಯುವನು.

ಟೇಲರನ ಕಥನವು ಈ ಭ್ರಮೆಗೆ ಇಂಬು ಕೊಡುವುದು. 1840ರ ದಶಕದಲ್ಲಿ ಸುರಪುರ ಸಂಸ್ಥಾನದಲ್ಲಿ ಆಡಳಿತ ನಡೆಸಿದ ಆತನಿಗೆ ಈ ಸೀಮೆಯ ಪರಿಚಯ ಚೆನ್ನಾಗಿತ್ತು. ಆತನ ಶೈಲಿಗೆ ಸೊಗಸೂ ಉಂಟು. ಆದರೆ 1686ರಲ್ಲಿ ಔರಂಗಜೇಬನ ವಶವಾದ ರಾಜಧಾನಿಯನ್ನು ಹಾಳುಪಟ್ಟಣವೆಂದು ನೆನೆದು ಮರುಗುವುದೇ ಆ ಬರಹದ ಮುಖ್ಯ ಸ್ವರ. ಮರುಕವು ದೋಷವಲ್ಲ, ಬದುಕಿರುವವರನ್ನು ಅದು ಮರೆಸಿದಾಗ ದೋಷವಾಗುವುದು. 1885ರಲ್ಲಿ ಜಿಲ್ಲೆಯ ಮುಖ್ಯ ಠಾಣ್ಯವು ಕಲಾದಗಿಯಿಂದ ಬಿಜಾಪುರಕ್ಕೆ ಬಂದು, ಹಳೆಯ ಮಹಲುಗಳಲ್ಲಿ ಕೆಲವು ಕಚೇರಿಗಳಾದವು. ಮುಗಿದುಹೋಯಿತೆಂದು ಬಗೆದ ಊರು ಮುಗಿದಿರಲಿಲ್ಲ.

ಈ ಕೊರತೆಯನ್ನು ತುಂಬಿಕೊಳ್ಳಬಯಸುವ ವಾಚಕನು ನಗರದ ಕೋಟೆಯಿಂದ ಹೊರಬಿದ್ದು, ಬಸವನ ಬಾಗೇವಾಡಿಯ ಕಡೆಯ ದಾರಿ ಹಿಡಿದು ಮನಗೂಳಿಗೆ ಬರಬೇಕು. ಕರಿಯೆರೆಯ ಬಯಲುಸೀಮೆಯ ಈ ಊರು ಗ್ರಂಥದ ವ್ಯಾಪ್ತಿಗೆ ಹೊರಗಿನದು. ಆದರೆ ಇಲ್ಲಿ ಹನ್ನೆರಡನೆಯ ಶತಮಾನದ ಕನ್ನಡ ಶಾಸನಗಳಿವೆ. ಅವುಗಳಲ್ಲಿ ಕಲಚುರಿ ಬಿಜ್ಜಳನ ಆಳ್ವಿಕೆಯದೂ ಒಂದು. ಇವನ್ನು ಫ್ಲೀಟನು ‘ಎಪಿಗ್ರಾಫಿಯಾ ಇಂಡಿಕಾ’ದ ಐದನೆಯ ಸಂಪುಟದಲ್ಲಿ ಸಂಪಾದಿಸಿದನು. ದಾನಶಾಸನವು ಗುಡಿಯ ರೂಪವನ್ನು ಕಣ್ಣಿಗೆ ಕಟ್ಟುವಂತೆ ತೋರಲಾರದು. ಆದರೆ ಯಾರು ಕೊಟ್ಟರು, ಯಾವ ದೇವರಿಗೆ, ಯಾವ ತಿಥಿಯಲ್ಲಿ ಎಂಬುದನ್ನು ಮರೆಯದೆ ಹೇಳುವುದು. ಛಾಯಾಚಿತ್ರಕ್ಕೆ ರೂಪ ಉಂಟು, ಹೆಸರಿಲ್ಲ. ಶಾಸನಕ್ಕೆ ಹೆಸರುಂಟು, ರೂಪವಿಲ್ಲ.

ಹೆಸರಿನ ಮಾತು ಬಂದಾಗ ಮುಖಪತ್ರಕ್ಕೆ ಮತ್ತೊಮ್ಮೆ ಹಿಂದಿರುಗಬೇಕಾಗುವುದು. ಅಲ್ಲಿ ಹಾರ್ಟನಿದ್ದಾನೆ, ಕಮ್ಮಿಂಗನಿದ್ದಾನೆ. ಅವರೊಡನೆ ಅಳೆದು ಬರೆದವರು ಬರಿಯ ‘ದೇಶೀಯ ನಕ್ಷೆಗಾರರು’. ಇದೇ ನಾಡಿನ ಪಟ್ಟದಕಲ್ಲಿನಲ್ಲಿ, ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇವಾಲಯದ ಶಾಸನವು ಅದರ ಶಿಲ್ಪಿಯಾದ ಗುಂಡನನ್ನು ಹೆಸರಿಸಿ, ಅನಿವಾರಿತಾಚಾರಿಯೆಂಬ ಅವನ ಬಿರುದನ್ನೂ ಹೇಳುವುದು. ಗ್ರಂಥಕ್ಕಿಂತ ಸುಮಾರು ಸಾವಿರದ ನೂರು ವರ್ಷ ಮುಂಚೆ ಕಲ್ಲಿಗೆ ಇದ್ದ ಈ ಸೌಜನ್ಯ ಲಂಡನ್ನಿನ ಅಚ್ಚಿನ ಮೊಳೆಗಳಿಗೆ ಇಲ್ಲದೆ ಹೋಯಿತು. ಗುಮ್ಮಟದ ಅಳತೆಯನ್ನು ಜಗತ್ತಿಗೆ ತಿಳಿಸಿದ ಕೈಗಳಲ್ಲಿ ಈ ನಾಡಿನ ಕೈಗಳೂ ಇದ್ದುವೆಂಬುದಕ್ಕೆ ಆ ಎರಡು ಪದಗಳೇ ಗ್ರಂಥದ ಮುಖದಲ್ಲಿ ಉಳಿದಿರುವ ಗುರುತು.

ಇಷ್ಟರಿಂದ ಗ್ರಂಥದ ಯೋಗ್ಯತೆ ಕುಂದುವುದೆಂದು ತಿಳಿಯಬಾರದು. 1916ರಲ್ಲಿ ಬಿಜಾಪುರದ ವಾಸ್ತುವನ್ನು ಕುರಿತು ಹೆನ್ರಿ ಕಸಿನ್ಸ್ ಬರೆದ ವಿಸ್ತಾರವಾದ ಗ್ರಂಥಕ್ಕೆ ಅರ್ಧ ಶತಮಾನ ಮುಂಚಿನ ಈ ಚಿತ್ರಗಳು, ಅನಂತರದ ದುರಸ್ತಿಗಳಿಗಿಂತ ಹಿಂದಿನ ಸ್ಥಿತಿಯ ಸಾಕ್ಷಿಗಳು. ಆದರೆ ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸಿಯೇ ನಂಬಬೇಕು. ತರಗತಿಯಲ್ಲಿ ಈ ಸಂಪುಟದ ಒಂದು ಚಿತ್ರವನ್ನು ತೋರುವ ಉಪಾಧ್ಯಾಯರು, ಅದು ಸ್ಥಳದಲ್ಲಿ ತೆಗೆದುದೋ ರೇಖಾಚಿತ್ರದಿಂದ ತೆಗೆದುದೋ ಎಂದು ಮೊದಲು ಕೇಳುವುದು ಯುಕ್ತ. ಅದರ ಪಕ್ಕದಲ್ಲಿ ಮನಗೂಳಿಯ ಶಾಸನದ ಪಾಠವನ್ನಿಟ್ಟರೆ, ಒಂದು ಹೇಳದೆ ಬಿಟ್ಟುದನ್ನು ಇನ್ನೊಂದು ಹೇಳುವ ಬಗೆ ವಿದ್ಯಾರ್ಥಿಗಳಿಗೆ ತಾನಾಗಿ ಮನದಟ್ಟಾಗುವುದು.