ಚುಕ್ಕೆಗಣ್ಣಿನ ಸೈನಿಕ

ಬಣ್ಣದ ಲೋಹ ಸೈನಿಕರನ್ನು ಕೂಡಿಡುವವರಿಗೆ ತಿಂಗಳಿಗೊಂದು ಹೊಸ ಬಿಡುಗಡೆಯ ಪಟ್ಟಿ ಬರುತ್ತದೆ. ಸೈನಿಕರು ಹೊಸಬರು, ಹೊಗಳಿಕೆ ಮಾತ್ರ ಹಳೆಯದು: ಮುಖ ನೋಡಿ, ಕಣ್ಣು ನೋಡಿ, ಇನ್ನೇನು ಮಾತಾಡಿಬಿಡುತ್ತಾನೆ! ಈ ಒಂದು ಮಾತೇ ಈಗ ಗೊಂಬೆಗೆ ಬೆಲೆ ಕಟ್ಟುವ ಅಳತೆಗೋಲಾಗಿದೆ. ಇದರ ಬೆನ್ನಿಗೇ ಇನ್ನೊಂದು ಮಾತು ಅಂಟಿಕೊಂಡು ಬರುತ್ತದೆ: ಹಳೆಯ ಬ್ರಿಟನ್ಸ್ ಕಂಪನಿಯ ಸೈನಿಕರು ಮುದ್ದಾಗಿದ್ದಾರೆ, ಆದರೆ ಅವು ಆಟಿಕೆ, ಬಾಲ್ಯದ ನೆನಪಿಗೆ ಇಟ್ಟುಕೊಳ್ಳಬಹುದು, ಕಲೆ ಎನ್ನಬಾರದು. ಎರಡೂ ಮಾತು ತಪ್ಪು. ಮೊದಲನೆಯದು ಕಣ್ಣಿಗೆ ಸಂಬಂಧಿಸಿದ ತಪ್ಪು, ಎರಡನೆಯದು ಮರ್ಯಾದೆಗೆ ಸಂಬಂಧಿಸಿದ್ದು.

1893ರಲ್ಲಿ ವಿಲಿಯಂ ಬ್ರಿಟನ್ ಜೂನಿಯರ್ ಟೊಳ್ಳು ಎರಕವನ್ನು ಕಂಡುಕೊಂಡದ್ದು, ಜರ್ಮನಿಯ ಗಟ್ಟಿ ಗೊಂಬೆಗಳ ವ್ಯಾಪಾರವನ್ನು ಲಂಡನ್ ಕಿತ್ತುಕೊಂಡದ್ದು, ಎಚ್. ಜಿ. ವೆಲ್ಸ್ 1913ರಲ್ಲಿ ಇವನ್ನಿಟ್ಟುಕೊಂಡೇ ಯುದ್ಧದಾಟದ ನಿಯಮ ಬರೆದದ್ದು, 1966ರಲ್ಲಿ ಸೀಸದ ಸೈನಿಕರ ತಯಾರಿಕೆ ನಿಂತದ್ದು ಈ ಹವ್ಯಾಸದವರಿಗೆಲ್ಲ ಬಾಯಿಪಾಠ. ಆ ಕಥೆಯನ್ನು ಬಿಟ್ಟು ನೇರವಾಗಿ ಮೇಜಿನ ಮೇಲಿರುವ ಎರಡು ಗೊಂಬೆಗಳಿಗೆ ಬರುತ್ತೇನೆ.

ಒಂದು, ಬ್ರಿಟನ್ಸ್‌ನವರ ಸ್ಕಾಟ್ಸ್ ಗಾರ್ಡ್ಸ್ ಕಾಲಾಳು. ಎತ್ತರ 54 ಮಿ.ಮೀ., ಅಂದರೆ ನಿಜವಾದ ಆಳಿನ 32ನೇ ಒಂದು ಪಾಲು. ಕೆಂಪು ಅಂಗಿ, ಕರಡಿ ತುಪ್ಪಳದ ಟೋಪಿ, ಮೈಯೆಲ್ಲ ಗ್ಲಾಸಿ ಬಣ್ಣ. ಬಂದೂಕು ಹಿಡಿದ ತೋಳು ಭುಜದಲ್ಲಿ ತಿರುಗುತ್ತದೆ. ಮುಖವೆಂದರೆ ಕಡಲೆಕಾಳಿನಷ್ಟು ಮಾಂಸದ ಬಣ್ಣ, ಕೆನ್ನೆಗೆ ಒಂದಿಷ್ಟು ಗುಲಾಬಿ, ಕಣ್ಣಿಗೆ ಎರಡು ಕಪ್ಪು ಚುಕ್ಕೆ. ಅಷ್ಟೇ. ಇನ್ನೊಂದು, ಎರಡನೇ ಮಹಾಯುದ್ಧದ, ಹೊಳಪಿಲ್ಲದ ಮ್ಯಾಟ್ ಬಣ್ಣದ ಸೈನಿಕ, 1/30 ಅಳತೆಯದು, ಮಂಡಿಯೂರಿ ಕೂತವನು. ಅವನ ಕಣ್ಣಿಗೆ ಬಿಳಿ ಇದೆ, ಬಿಳಿಯೊಳಗೆ ನೀಲಿ ಪಾಪೆ ಇದೆ, ರೆಪ್ಪೆಯ ಗೆರೆ ಇದೆ. ಕೆನ್ನೆಯ ಎಲುಬಿನ ಕೆಳಗೆ ಕಂದು ನೆರಳು, ಗದ್ದಕ್ಕೆ ಎರಡು ದಿನದ ಗಡ್ಡದ ಬೂದು ಛಾಯೆ. ಕೈಚಳಕ ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ.

ಇವೆರಡನ್ನೂ ಮೇಜಿನ ಮೇಲಿಟ್ಟು ಎರಡು ಅಡಿ ಹಿಂದೆ ಸರಿದು ಕೂರೋಣ. 32ನೇ ಒಂದು ಪಾಲಿನ ಆಳನ್ನು ಎರಡು ಅಡಿ ದೂರದಿಂದ ನೋಡುವುದೆಂದರೆ ನಿಜವಾದ ಆಳನ್ನು 64 ಅಡಿ ದೂರದಿಂದ ನೋಡಿದಂತೆ. ಕ್ರಿಕೆಟ್ ಪಿಚ್‌ನ ಉದ್ದ 66 ಅಡಿ. ಈ ತುದಿಯ ಸ್ಟಂಪಿನ ಬಳಿ ನಿಂತು ಆ ತುದಿಯಲ್ಲಿರುವ ಬ್ಯಾಟ್ಸ್‌ಮನ್ನನ ಮುಖ ನೋಡಿ. ಅವನ ಪಾಪೆಯ ಬಣ್ಣ ಹೇಳಬಲ್ಲಿರಾ? ರೆಪ್ಪೆ ಕಾಣುತ್ತದೆಯೇ? ಕಾಣುವುದು ಹುಬ್ಬಿನ ಕೆಳಗಿನ ಎರಡು ಕಪ್ಪು ಗುರುತು, ಕೆನ್ನೆಯ ಕಾವು, ಮುಖದ ಒಟ್ಟು ನಿಲುವು. ಬ್ರಿಟನ್ಸ್‌ನ ಕುಂಚ ಬಿಡಿಸಿದ್ದೂ ಅಷ್ಟನ್ನೇ. ಆ ಚುಕ್ಕೆಯನ್ನು ಅವಸರದ ಕೆಲಸ ಎಂದು ಜರಿಯುವವರು, ದೂರದ ಮನುಷ್ಯನ ಮುಖ ಹೇಗಿರುತ್ತದೆಂದು ಒಮ್ಮೆಯೂ ನಿಂತು ನೋಡಿದವರಲ್ಲ. ಮ್ಯಾಟ್ ಸೈನಿಕನೋ ಪಿಚ್ಚಿನ ಆ ತುದಿಯಲ್ಲಿದ್ದೂ ಮೂಗಿಗೆ ಮೂಗು ತಾಗಿಸಿ ನಿಂತವನಂತೆ ಕಣ್ಣರಳಿಸುತ್ತಾನೆ. ಬಿಳಿಯ ನಡುವೆ ಪಾಪೆ ಬಿಡಿಸಿದ್ದರಿಂದಲೇ ಅವನಿಗೆ ಬೆಚ್ಚಿಬಿದ್ದವನ ನೋಟ ಬಂದಿದೆ. ಹೊಸ ಬಿಡುಗಡೆಗಳಲ್ಲಿ ಎಷ್ಟೋ ಸೈನಿಕರು ಬೆಚ್ಚಿದಂತೆ ಕಾಣುವುದಕ್ಕೆ ಕಾರಣ ಯುದ್ಧದ ಭೀತಿಯಲ್ಲ, ಕಣ್ಣಿನ ಬಿಳಿ.

ಕೈಗೆತ್ತಿಕೊಂಡು ಅರ್ಧ ಅಡಿ ಹತ್ತಿರ ಹಿಡಿದರೆ ಲೆಕ್ಕ 16 ಅಡಿಗೆ ಇಳಿಯುತ್ತದೆ, ಆಗ ಗೆಲುವು ಮ್ಯಾಟ್ ಸೈನಿಕನದೇ. ಒಪ್ಪಿದೆ. ಆದರೆ ಕಪಾಟಿನಲ್ಲಿಟ್ಟ ಸೈನ್ಯವನ್ನು ಯಾರೂ ಹಾಗೆ ನೋಡುವುದಿಲ್ಲ. ಹಾಗೆ ನೋಡುವುದು ಕ್ಯಾಮೆರಾ. ಕಡಲೆಕಾಳಿನಷ್ಟಿರುವ ತಲೆಯನ್ನು ಅಂಗೈಯಗಲ ಹಿಗ್ಗಿಸಿ ತೋರಿಸುವ ಫೋಟೋದಿಂದ ಈ ಕೀರ್ತಿ ಹುಟ್ಟಿದೆ. ವಿಮರ್ಶಕರು ಗೊಂಬೆಯ ಹೆಸರಿನಲ್ಲಿ ಫೋಟೋವನ್ನು ವಿಮರ್ಶಿಸುತ್ತಿದ್ದಾರೆ.

ನೆರಳಿನ ಪ್ರಶ್ನೆ ಇನ್ನೂ ಗಂಭೀರ. ಮ್ಯಾಟ್ ಪಂಥದವರ ವಾದ ಹೀಗೆ: ಗೊಂಬೆ ಕುಗ್ಗುತ್ತದೆ, ಬೆಳಕು ಕುಗ್ಗುವುದಿಲ್ಲ, ಒಂದು ಮಿ.ಮೀ. ಆಳದ ಬಟ್ಟೆಯ ಮಡಿಕೆ ಸಾಕಷ್ಟು ನೆರಳು ಬೀಳಿಸಲಾರದು, ಆದ್ದರಿಂದ ನೆರಳನ್ನು ಬಣ್ಣದಲ್ಲೇ ಬರೆಯಬೇಕು. ವಾದದಲ್ಲಿ ಹುರುಳಿದೆ. ಶಿಕಾಗೋದ ಶೆಪರ್ಡ್ ಪೇನ್ ಇದನ್ನು ಒಂದು ವಿದ್ಯೆಯ ಮಟ್ಟಕ್ಕೆ ಏರಿಸಿದರು, 2015ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಎರಡು ತಲೆಮಾರಿನ ಕೈಗಳನ್ನು ಪಳಗಿಸಿದ್ದರು. ಅವರ ಹೆಸರು ಹೇಳುವವರು ಮರೆಯುವ ಸಂಗತಿ ಒಂದಿದೆ. ಪೇನ್ ಅವರ ಹಿರಿಮೆ ಪೆಟ್ಟಿಗೆಯೊಳಗಿನ ದೃಶ್ಯಗಳಲ್ಲಿದೆ. ಅಲ್ಲಿ ದೀಪ ಎಲ್ಲಿಂದ ಬರಬೇಕು, ನೋಡುವವರ ಕಣ್ಣು ಎಲ್ಲಿರಬೇಕು ಎರಡನ್ನೂ ಅವರೇ ನಿಶ್ಚಯಿಸಿದ್ದರು. ಬರೆದ ನೆರಳು ಬಿದ್ದ ಬೆಳಕಿಗೆ ಹೊಂದುತ್ತಿತ್ತು. ಪೆಟ್ಟಿಗೆಯಿಂದ ಹೊರಬಂದ ಬಿಡಿ ಸೈನಿಕನಿಗೆ ಆ ಕಾವಲಿಲ್ಲ.

ಹೋದ ನವರಾತ್ರಿಯಲ್ಲಿ ಮೈಸೂರಿನ ನಮ್ಮ ಮನೆಯ ಗೊಂಬೆ ಮೆಟ್ಟಿಲಿನ ಮೇಲೆ, ಜಂಬೂಸವಾರಿಯ ಮಣ್ಣಿನ ಸೈನಿಕರ ಪಕ್ಕದಲ್ಲಿ, ಈ ಲೋಹ ಸೈನಿಕರನ್ನೂ ನಿಲ್ಲಿಸಿದ್ದೆವು. ಸಂಜೆ ಅತ್ತೆ ಕೆಳಗಿನ ಮೆಟ್ಟಿಲಿಗೆ ಎಣ್ಣೆ ದೀಪ ಹಚ್ಚಿಟ್ಟರು. ಬೆಳಕು ಕೆಳಗಿನಿಂದ ಬಂತು. ಮ್ಯಾಟ್ ಸೈನಿಕನ ಕೆನ್ನೆಯ ಕೆಳಗೆ, ದೀಪ ನೇರ ಬೀಳುವ ಜಾಗದಲ್ಲೇ, ಕಂದು ನೆರಳು ಹಾಗೇ ಕೂತಿತ್ತು. ಮುಖಕ್ಕೆ ಮಸಿ ಮೆತ್ತಿದಂತೆ ಕಂಡಿತು. ಪಕ್ಕದಲ್ಲಿ ಎಂಟು ಮಂದಿ ಗ್ಲಾಸಿ ಗಾರ್ಡ್ಸ್. ಒಬ್ಬೊಬ್ಬನ ಎದೆಯ ಮೇಲೂ ಒಂದೊಂದು ಜ್ವಾಲೆಯ ಮಿಣುಕು, ಗಾಳಿಗೆ ದೀಪ ಅಲುಗಿದಾಗ ಎಂಟೂ ಒಟ್ಟಿಗೆ ಅಲುಗಿದವು. ಗ್ಲಾಸಿ ಬಣ್ಣ ಕೋಣೆಯ ಬೆಳಕನ್ನು ಹಾಗೇ ತೆಗೆದುಕೊಳ್ಳುತ್ತದೆ, ತನ್ನದೊಂದು ಬೆಳಕನ್ನು ಹೇರುವುದಿಲ್ಲ.

ಇಲ್ಲಿ ಗುಂಡಿ ಎಣಿಸುವ ವಿಮರ್ಶಕರ ಬಗ್ಗೆಯೂ ಹೇಳಲೇಬೇಕು. ಬ್ರಿಟಿಷ್ ಗಾರ್ಡ್ಸ್ ರೆಜಿಮೆಂಟುಗಳಲ್ಲಿ ಸ್ಕಾಟ್ಸ್ ಗಾರ್ಡ್ಸ್ ಅಂಗಿಯ ಗುಂಡಿಗಳು ಮೂರು ಮೂರಾಗಿ, ಕೋಲ್ಡ್‌ಸ್ಟ್ರೀಮ್‌ನವರದು ಎರಡೆರಡಾಗಿ, ಗ್ರೆನೆಡಿಯರ್‌ಗಳದು ಒಂದೊಂದಾಗಿ ಇರುತ್ತವೆ. ಗುಂಡಿಯ ಗುಂಪು ತಪ್ಪಿದ್ದರೆ ಗೊಂಬೆಯೇ ತಪ್ಪು ಎನ್ನುವುದು ಇವರ ತೀರ್ಪು. ಆದರೆ ಪಥಸಂಚಲನದ ಮೈದಾನದಲ್ಲಿ ಯಾರೂ ಗುಂಡಿ ಎಣಿಸಿ ರೆಜಿಮೆಂಟ್ ಗುರುತಿಸುವುದಿಲ್ಲ, ಟೋಪಿ ನೋಡಿ ಗುರುತಿಸುತ್ತಾರೆ: ಕೋಲ್ಡ್‌ಸ್ಟ್ರೀಮ್‌ಗೆ ಬಲಗಡೆ ಕೆಂಪು ಗರಿ, ಗ್ರೆನೆಡಿಯರ್‌ಗೆ ಎಡಗಡೆ ಬಿಳಿ, ಸ್ಕಾಟ್ಸ್‌ಗೆ ಗರಿಯೇ ಇಲ್ಲ. ಬ್ರಿಟನ್ಸ್ ಗೊಂಬೆಗಳು ಗಟ್ಟಿಯಾಗಿ ಹಿಡಿದದ್ದು ಟೋಪಿಯ ಈ ಗುರುತನ್ನು. ಯಾವುದನ್ನು ಹೇಳಬೇಕು, ಯಾವುದನ್ನು ಬಿಡಬೇಕು ಎಂಬ ಈ ಆಯ್ಕೆಯನ್ನು ಬೇರೆ ಕಲೆಗಳಲ್ಲಿ ನಾವು ಪ್ರತಿಭೆ ಎನ್ನುತ್ತೇವೆ. ಇಲ್ಲಿ ಮಾತ್ರ ಅಜ್ಞಾನ ಎನ್ನುವುದೇಕೆ? ‘ಆಟಿಕೆ, ಕಲೆಯಲ್ಲ’ ಎನ್ನುವವರಿಗೆ ಇಂಗ್ಲೆಂಡಿನ ನ್ಯಾಯಾಲಯವೇ ಉತ್ತರ ಕೊಟ್ಟು ನೂರು ವರ್ಷ ದಾಟಿದೆ. ತಮ್ಮ ಗೊಂಬೆಗಳನ್ನು ನಕಲು ಮಾಡಿದ ಹ್ಯಾಂಕ್ಸ್ ಬ್ರದರ್ಸ್ ಮೇಲೆ ಬ್ರಿಟನ್ಸ್‌ನವರು ಹೂಡಿದ ದಾವೆಯಲ್ಲಿ, 1902ರಲ್ಲಿ, ಆಟಿಕೆ ಸೈನಿಕನೂ ಶಿಲ್ಪವೇ ಎಂದು ತೀರ್ಪಾಯಿತು. ಕಾನೂನು ಒಪ್ಪಿದ್ದನ್ನು ವಿಮರ್ಶೆ ಒಪ್ಪಲು ಇನ್ನೂ ಹಿಂಜರಿಯುತ್ತಿದೆ.

ಆದರೂ ಒಂಟಿ ಗೊಂಬೆಯ ಬಗ್ಗೆ ಇಷ್ಟು ಹೊತ್ತು ವಾದಿಸಿದ್ದು ಅರ್ಧ ತಪ್ಪೇ. ಕಾಲಾಳುಗಳಾದರೆ ಎಂಟು, ಸವಾರರಾದರೆ ಐದು, ಹೀಗೆ ಕೆಂಪು ಡಬ್ಬಿಯಲ್ಲಿ ಬ್ರಿಟನ್ಸ್ ಸೈನಿಕರು ಬರುತ್ತಿದ್ದರು. ಒಂದೇ ಅಚ್ಚಿನ ಎಂಟು ಮಂದಿ. ಕೈಯಿಂದ ಇಟ್ಟ ಚುಕ್ಕೆ ಒಬ್ಬನಿಗೆ ಕೂದಲೆಳೆಯಷ್ಟು ಮೇಲೆ, ಇನ್ನೊಬ್ಬನಿಗೆ ಕೆಳಗೆ. ಅಷ್ಟರಿಂದಲೇ ಒಬ್ಬ ಹೊಸಬನಾಗುತ್ತಾನೆ, ಒಬ್ಬ ಹಳೆ ಹುಲಿಯಾಗುತ್ತಾನೆ. ಇದು ಸಾಲಿನ ಕಲೆ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯಲ್ಲಿ 1780ರ ಪೊಲ್ಲಿಲೂರು ಯುದ್ಧದ ಚಿತ್ರ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಕೆಂಪಂಗಿಯವರ ಮುಖಗಳೆಲ್ಲ ಒಂದೇ ಎರಕದಂತಿವೆ, ಸಾಲಿನ ಮೇಲೆ ಸಾಲು. ಆ ಸಾಲುಗಳ ನಡುವೆ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕೂತ ಕೆಂಪಂಗಿಯವರ ನಾಯಕ ಕರ್ನಲ್ ಬೇಲಿ ಕಣ್ಣಿಗೆ ನಾಟುವುದು ಮಿಕ್ಕವರು ಸಾಲಿನಲ್ಲಿ ಸುಮ್ಮನಿರುವುದರಿಂದ. ಎಲ್ಲರೂ ಬೆರಳು ಕಚ್ಚಿದ್ದರೆ ಬೇಲಿ ಎಲ್ಲಿ ಕಾಣುತ್ತಿದ್ದ?

ಹೊಸ ಬಿಡುಗಡೆಗಳಲ್ಲಿ ಎಲ್ಲರೂ ಬೆರಳು ಕಚ್ಚುವವರೇ. ಒಬ್ಬ ಗುಂಡು ತಗುಲಿ ಬೀಳುತ್ತಿದ್ದಾನೆ, ಒಬ್ಬ ಕೂಗುತ್ತಿದ್ದಾನೆ, ಒಬ್ಬ ಗ್ರೆನೇಡ್ ಎಸೆಯುತ್ತಿದ್ದಾನೆ, ಒಬ್ಬೊಬ್ಬನೂ ಬಿಡಿಯಾಗಿ ಮಾರಾಟಕ್ಕೆ. ಬ್ರಿಟನ್ ಹೆಸರಿನಲ್ಲಿ ಈಗ ಬರುತ್ತಿರುವ ಮ್ಯಾಟ್ ಸೈನಿಕರೂ ಇದೇ ದಾರಿ ಹಿಡಿದಿದ್ದಾರೆ. ಕಿಂಗ್ ಅಂಡ್ ಕಂಟ್ರಿ ಕಂಪನಿಯವರ ಹಳೆಯ ಹಾಂಗ್‌ಕಾಂಗ್ ಬೀದಿಯ ಸರಣಿಯನ್ನು ಮಾತ್ರ ಮನಸಾರೆ ಮೆಚ್ಚುತ್ತೇನೆ. ಬೀದಿಯೆಂದರೆ ಬಿಡಿ ಮನುಷ್ಯರೇ. ರಿಕ್ಷಾ ಎಳೆಯುವವನಿಗೆ ಸಾಲಿನ ಹಂಗಿಲ್ಲ.

ಇನ್ನೊಂದು ಮಾತು, ಕೊಂಚ ನೋವಿನಿಂದ. ಹೊಸ ಪಟ್ಟಿಗಳಲ್ಲಿ ಶಿಲ್ಪಿಯ ಹೆಸರು ದಪ್ಪಕ್ಷರದಲ್ಲಿರುತ್ತದೆ. ಮುಖವನ್ನೇ ಹೊಗಳುವ ವಿಮರ್ಶಕರು ಆ ಮುಖಕ್ಕೆ ಬಣ್ಣ ಹಚ್ಚಿದ ಚೀನಾದ ಕಾರ್ಖಾನೆಯ ಕೈಗಳ ಬಗ್ಗೆ ಒಂದು ಸಾಲು ಬರೆಯುವುದಿಲ್ಲ. ಲಂಡನ್ನಿನಲ್ಲಿ ಎಣಿಕೆ ಲೆಕ್ಕದ ಕೂಲಿಗೆ ಆ ಎರಡು ಚುಕ್ಕೆ ಇಟ್ಟ ಹೆಂಗಸರ ಹೆಸರೂ ನಮಗೆ ಉಳಿದಿಲ್ಲ. ಆ ಕೆಲಸವನ್ನು ಅವಸರದ್ದು ಎಂದು ಕರೆಯುವ ಮೊದಲು ವಿಮರ್ಶಕರು, ತುಂಬಿದ ಕುಂಚ ಹಿಡಿದು ಕಡಲೆಕಾಳಿನ ಮೇಲೆ ಸಮ ಅಂತರದಲ್ಲಿ ಎರಡು ಚುಕ್ಕೆ ಇಟ್ಟು ನೋಡಲಿ. ನಾನು ಒಂದು ಭಾನುವಾರವಿಡೀ ಯತ್ನಿಸಿದೆ, ಹನ್ನೆರಡರಲ್ಲಿ ಎರಡು ನೆಟ್ಟಗೆ ಬಂದವು.

ಮುಂದಿನ ಪಟ್ಟಿಯಲ್ಲಿ ಯಾರಾದರೂ ಒಂದೇ ಭಂಗಿಯ ಎಂಟು ಮಂದಿಯನ್ನು, ಕೆನ್ನೆಗೆ ನೆರಳು ಬರೆಯದೆ, ಒಂದೇ ಡಬ್ಬಿಯಲ್ಲಿ ತಂದರೆ ಮೊದಲು ದುಡ್ಡು ಕಟ್ಟುವವನು ನಾನು. ಮಂಡಿಯೂರಿದ ಮ್ಯಾಟ್ ಸೈನಿಕನನ್ನು ಮೆಟ್ಟಿಲಿನಿಂದ ತೆಗೆದು ನನ್ನ ಓದುವ ದೀಪದ ಕೆಳಗೆ ಇಟ್ಟಿದ್ದೇನೆ. ಅಲ್ಲಿ ಬೆಳಕು ಮೇಲಿನಿಂದ ಬೀಳುತ್ತದೆ.