ತೊಗರಿ ಹೊಲದಲ್ಲಿ ಬೆಳಕಿನ ಲೆಕ್ಕ

ತೊಗರಿ ಹೂವಿಗೆ ಬಂದಿದೆ. ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯಲ್ಲಿ ಕ್ಯಾಮೆರಾ ಇದ್ದವರು ಹೊಲಕ್ಕಿಳಿಯುವ ಕಾಲ ಇದು. ಮುಂಜಾನೆ ಆರೂವರೆಯ ಸುಮಾರಿಗೆ ಹೊತ್ತು ಮೂಡುತ್ತದೆ. ಮುಂದಿನ ಒಂದು ತಾಸು ಬಿಸಿಲು ಓರೆಯಾಗಿ ಹೂವಿನ ಮೇಲೆ ಬೀಳುತ್ತದೆ. ಆ ತಾಸಿನಲ್ಲಿ ಕುರಕುಂಟಾ ಸುತ್ತ ತೆಗೆದ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡಿ. ಒಂದರಲ್ಲಿ ಎರೆ ಮಣ್ಣು ಬೂದಿ ಬಣ್ಣಕ್ಕೆ ತಿರುಗಿ, ಆಕಾಶ ಸುಟ್ಟು ಬೆಳ್ಳಗಾಗಿರುತ್ತದೆ. ಅಲ್ಲೇ ಆಚೆ ಕಲ್ಲಿನ ಖಣಿಯ ದಂಡೆಯಲ್ಲಿ ತೆಗೆದದ್ದರಲ್ಲಿ ಬಿಳಿ ಕಲ್ಲು ಮಾಸಿ, ತೊಗರಿ ಗಿಡ ಕಪ್ಪಿಟ್ಟಿರುತ್ತದೆ. ಸೂರ್ಯ ಅದೇ, ಕೈ ಅದೇ. ಬದಲಾದದ್ದು ಕ್ಯಾಮೆರಾದ ತೀರ್ಮಾನ.

ಆ ತೀರ್ಮಾನವನ್ನು ನಾವೇ ತೆಗೆದುಕೊಳ್ಳಬೇಕು ಎಂಬುದು ಈ ವಾರದ ಮಾತು. ಹಳ್ಳಿಗಾಡಿನ ಚಿತ್ರ ತೆಗೆಯುವವರಿಗೆ ಲೆನ್ಸಿಗಿಂತ, ಹೊಸ ಬಾಡಿಗಿಂತ ಮೊದಲು ಬೇಕಾದದ್ದು ಇದು.

ಕ್ಯಾಮೆರಾದೊಳಗಿನ ಮೀಟರ್ ಹೊಲದ ಮೇಲೆ ಬಿದ್ದ ಬೆಳಕನ್ನು ಅಳೆಯುವುದಿಲ್ಲ, ಹೊಲ ಮರಳಿಸಿದ ಬೆಳಕನ್ನು ಅಳೆಯುತ್ತದೆ. ಎದುರಿಗೆ ಏನೇ ಇರಲಿ, ಅದು ಸ್ಥೂಲವಾಗಿ ಶೇ 18ರಷ್ಟು ಬೆಳಕು ಮರಳಿಸುವ ಮಧ್ಯಮ ಬೂದು ಎಂದಿಟ್ಟುಕೊಂಡು ಲೆಕ್ಕ ಹಾಕುತ್ತದೆ. ಚಿಂಚೋಳಿ ವನ್ಯಜೀವಿಧಾಮದ ಎಲೆ ಹಸಿರಿನ ಮುಂದೆ ಈ ಲೆಕ್ಕ ಬಹುಮಟ್ಟಿಗೆ ಸರಿಹೋಗುತ್ತದೆ. ಬಯಲಿಗೆ ಬಂದರೆ ಹಾಗಲ್ಲ. ಇಲ್ಲಿ ಬಸಾಲ್ಟ್ ಬಂಡೆ ಸವೆದು ಆದ ಎರೆ ಮಣ್ಣು, ಅದರ ಮಗ್ಗುಲಿಗೇ ಭೀಮಾ ಕೊಳ್ಳದ ಸುಣ್ಣಕಲ್ಲು. ಶಹಾಬಾದಿನ ಪರಸಿ ಇದೇ ಕಲ್ಲು. ವಾಡಿ, ಸೇಡಂ, ಮಳಖೇಡದ ಸಿಮೆಂಟು ಇದೇ ಕಲ್ಲಿನದು. ಎರೆ ನೆಲವನ್ನು ತೋರಿಸಿದರೆ ಮೀಟರ್ ಅದನ್ನು ಬೂದಾಗುವವರೆಗೆ ಬೆಳಗಿಸುತ್ತದೆ, ಖಣಿಯ ಬಿಳಿ ಪುಡಿಯನ್ನು ತೋರಿಸಿದರೆ ಅದನ್ನೂ ಬೂದಾಗುವವರೆಗೆ ಕತ್ತಲೆಗೆ ಇಳಿಸುತ್ತದೆ. ಎರಡರ ನಡುವಿನ ಅಂತರ ಸಾಮಾನ್ಯವಾಗಿ ಎರಡು ಸ್ಟಾಪ್ ದಾಟುತ್ತದೆ. ಅಂದರೆ ಒಂದು ಚಿತ್ರಕ್ಕೆ ಸಿಕ್ಕ ಬೆಳಕಿನ ನಾಲ್ಕನೇ ಒಂದು ಪಾಲೂ ಇನ್ನೊಂದಕ್ಕೆ ಸಿಗಲಿಲ್ಲ.

ಈ ಸೀಮೆ ನಿಜಾಮರ ಸಂಸ್ಥಾನದಲ್ಲಿದ್ದಾಗ ಅವರ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನ್ ದಯಾಳ್ (1844–1905) ಗಾಜಿನ ಫಲಕಗಳ ಮೇಲೆ ಕೆಲಸ ಮಾಡಿದವರು. ಬೆಳಕು ಬಿದ್ದರೆ ಮುಳ್ಳು ತಿರುಗುವ ಮೀಟರ್ ಚಾಲ್ತಿಗೆ ಬಂದದ್ದು 1930ರ ದಶಕದಲ್ಲಿ. ಅದಕ್ಕೆ ಮೊದಲಿನ ಆ ತಲೆಮಾರು ಹೊತ್ತು, ಋತು, ಮೋಡ ನೋಡಿ ಎಕ್ಸ್‌ಪೋಷರ್ ಹೇಳುತ್ತಿತ್ತು. ಅವರು ಓದುತ್ತಿದ್ದದ್ದು ಆಕಾಶದಿಂದ ಬರುವ ಬೆಳಕನ್ನು. ನಾವೂ ಅಲ್ಲಿಗೇ ಮರಳಬೇಕು.

ಮೋಡವಿಲ್ಲದ ದಿನ, ಸೂರ್ಯ ಬೆನ್ನಿಗಿರುವಾಗ, ಬೆಳಗಿನ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ಲೆಕ್ಕ ಸರಳ. ಅಪರ್ಚರ್ ಎಫ್16 ಇದ್ದರೆ ಶಟರ್ ಐಎಸ್‌ಒ ಸಂಖ್ಯೆಯಷ್ಟು. ಐಎಸ್‌ಒ 100ಕ್ಕೆ 1/100 ಸೆಕೆಂಡ್. ಅದನ್ನೇ ಎಫ್8ಕ್ಕೆ ತಂದರೆ 1/400. ಕ್ಯಾಮೆರಾವನ್ನು ಮ್ಯಾನುಯಲ್‌ಗೆ ಹಾಕಿ, ಇದನ್ನು ಇಟ್ಟು, ಎರೆ ಹೊಲದ ಕಡೆಗೂ ಖಣಿಯ ಕಡೆಗೂ ತಿರುಗಿಸಿ ತೆಗೆಯಿರಿ. ಮಣ್ಣು ಕಪ್ಪಾಗಿಯೇ, ಕಲ್ಲು ಬೆಳ್ಳಗೇ ಬರುತ್ತವೆ. ಎರಡೂ ಒಂದೇ ದಿನದ ಚಿತ್ರಗಳು ಎಂದು ನೋಡಿದವರಿಗೆ ಹೇಳಬೇಕಾಗುವುದಿಲ್ಲ.

ಮುಂಜಾನೆ, ಸಂಜೆ ಬೆಳಕು ನಿಮಿಷ ನಿಮಿಷಕ್ಕೂ ಬದಲಾಗುವುದರಿಂದ ಅಳೆಯಲೇಬೇಕು. ಅದಕ್ಕೆ ಗ್ರೇ ಕಾರ್ಡ್ ಇದೆ. ಈ ಸೀಮೆಯಲ್ಲಿ ಇನ್ನೊಂದು ಉಪಾಯವೂ ಇದೆ. ಮನೆಯ ಮಾಳಿಗೆ, ಅಂಗಳ, ಕಟ್ಟೆ, ಹೊಲದ ಬೇಲಿ, ಎಲ್ಲಿ ನೋಡಿದರೂ ಪರಸಿ ಕಲ್ಲು. ಮಳೆ ಬಿಸಿಲು ತಿಂದು ಮಾಸಿದ, ಒಣಗಿದ ಒಂದು ಪರಸಿಯನ್ನು ಆರಿಸಿಕೊಳ್ಳಿ. ಗ್ರೇ ಕಾರ್ಡನ್ನು ಅದರ ಮೇಲಿಟ್ಟು ಸ್ಪಾಟ್ ಮೀಟರಿನಿಂದ ಅಳೆಯಿರಿ, ಆಮೇಲೆ ಕಾರ್ಡ್ ತೆಗೆದು ಕಲ್ಲನ್ನು ಅಳೆಯಿರಿ. ಎಷ್ಟು ಸ್ಟಾಪ್ ವ್ಯತ್ಯಾಸ ಬಂತೋ ಬರೆದಿಟ್ಟುಕೊಳ್ಳಿ. ಊರಿನ ಎರಡು ಮೂರು ಕಡೆ ಹೀಗೆ ನೋಡಿದರೆ ಕಲ್ಲಿನ ಅಂದಾಜು ಕೈಗೆ ಬರುತ್ತದೆ. ಕಲ್ಲು ಒದ್ದೆಯಿರಬಾರದು, ನುಣುಪಾಗಿ ಹೊಳೆಯಬಾರದು, ಹೊಲಕ್ಕೆ ಬಿದ್ದ ಬೆಳಕೇ ಅದಕ್ಕೂ ಬಿದ್ದಿರಬೇಕು. ಇಷ್ಟು ನೋಡಿಕೊಂಡರೆ ಅಳತೆಗೆ ಬೇಕಾದ ವಸ್ತು ಹೋದಲ್ಲೆಲ್ಲ ಸಿಗುತ್ತದೆ. ಹೊತ್ತು ಮೂಡಿದ ಮೊದಲ ತಾಸಿನಲ್ಲಿ ಕೆಲವು ನಿಮಿಷಕ್ಕೊಮ್ಮೆ, ಮೋಡ ಅಡ್ಡ ಬಂದಾಗ ಪ್ರತಿ ಸಲವೂ ಮತ್ತೆ ಅಳೆಯುವುದು ನೇಮವಾಗಬೇಕು.

ಹೂವಿನ ಹೊಲಕ್ಕೆ ಒಂದು ವಿಶೇಷ ಎಚ್ಚರ. ತೊಗರಿಯ ಹಳದಿ, ಮುಂದೆ ಬರುವ ಕುಸುಬೆಯ ಕೇಸರಿ, ಎರಡೂ ಕೆಂಪು ಚಾನೆಲನ್ನು ಬೇಗ ತುಂಬಿಸುತ್ತವೆ. ಒಟ್ಟು ಬೆಳಕಿನ ಹಿಸ್ಟೊಗ್ರಾಮ್ ಎಲ್ಲ ಸರಿ ಎನ್ನುತ್ತಿರುವಾಗಲೇ ಕೆಂಪು ಬಲಗಡೆಯ ಗೋಡೆಗೆ ಬಡಿದಿರುತ್ತದೆ. ಆಗ ಹೂವಿನ ದಳದ ನರ, ನೆರಳು ಮಾಯವಾಗಿ ಬರೀ ಹಳದಿ ಚುಕ್ಕೆ ಉಳಿಯುತ್ತದೆ. ಮೂರು ಬಣ್ಣದ ಹಿಸ್ಟೊಗ್ರಾಮನ್ನು ಬೇರೆ ಬೇರೆಯಾಗಿ ನೋಡಿ, ಕೆಂಪು ಗೋಡೆ ಮುಟ್ಟುವ ಮೊದಲೇ ನಿಲ್ಲಿಸಿ.

ಈಗ ನಾಯ್ಸ್. ನಮ್ಮ ಸ್ಟುಡಿಯೊಗಳಲ್ಲಿ ‘ಗ್ರೇನ್ಸ್ ಬಂದಾವ’ ಎನ್ನುತ್ತಾರೆ. ಐಎಸ್‌ಒ ಏರಿಸಿದ್ದರಿಂದ ಬಂತು ಎಂದು ಎಲ್ಲರೂ ತಿಳಿದಿದ್ದಾರೆ. ಮೂಲ ಅದಲ್ಲ, ಬೆಳಕಿನ ಕೊರತೆ. ಬೆಳಕು ಕಣಗಳಾಗಿ, ಫೋಟಾನುಗಳಾಗಿ ಬರುತ್ತದೆ, ಅವು ಸಮನಾಗಿ ಬರುವುದಿಲ್ಲ. ಒಂದು ಪಿಕ್ಸೆಲ್ ಸರಾಸರಿ 100 ಕಣ ಹಿಡಿಯುವ ಕಡೆ ಏರಿಳಿತ ಸುಮಾರು 10, ಅಂದರೆ ಶೇ 10. 10,000 ಕಣ ಹಿಡಿದರೆ ಏರಿಳಿತ 100, ಶೇ 1 ಮಾತ್ರ. ಬೆಳಕು ನಾಲ್ಕು ಪಟ್ಟಾದರೆ ಚಿತ್ರದ ಶುದ್ಧತೆ ಎರಡು ಪಟ್ಟು. ಚಿತ್ರದಲ್ಲಿ ಅತಿ ಕಡಿಮೆ ಕಣ ಬೀಳುವುದು ಎಲ್ಲಿ? ನಮ್ಮ ಎರೆ ನೆಲದಲ್ಲಿ, ಗಿಡದ ಬುಡದ ನೆರಳಿನಲ್ಲಿ. ಆಕಾಶ ಚೆನ್ನಾಗಿ ಬರಲೆಂದು ಕತ್ತಲೆ ಮಾಡಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ನೆಲವನ್ನು ಎತ್ತಿದರೆ ಮಣ್ಣಿನ ಹೆಂಟೆಗಳ ಜಾಗದಲ್ಲಿ ಕೆಂಪು, ಹಸಿರು ಕಾಳು ಏಳುವುದು ಈ ಕಾರಣಕ್ಕೆ.

ಆದ್ದರಿಂದ ಎಕ್ಸ್‌ಪೋಷರ್ ಒಂದೇ ಸಮ ಇಡುವುದು, ನಾಯ್ಸ್ ತಗ್ಗಿಸುವುದು ಎಂದು ಎರಡು ಕೆಲಸ ಇಲ್ಲ. ಬೆಳಕನ್ನು ಸರಿಯಾಗಿ ಅಳೆದು, ಆಕಾಶ ಸುಡದಂತೆ ಎಷ್ಟು ಹಿಡಿಯಬಹುದೋ ಅಷ್ಟನ್ನೂ ಹಿಡಿದವರಿಗೆ ಎರಡೂ ಒಟ್ಟಿಗೇ ಒದಗುತ್ತವೆ. 14 ಬಿಟ್‌ನ ರಾ ಫೈಲಿನಲ್ಲಿ ಇರುವ 16,384 ಹಂತಗಳಲ್ಲಿ ಅರ್ಧ, ಅಂದರೆ 8,192, ಅತಿ ಬೆಳಕಿನ ಒಂದೇ ಸ್ಟಾಪಿಗೆ ಸೇರಿವೆ. ಹಿಸ್ಟೊಗ್ರಾಮ್ ಬಲಕ್ಕೆ ಸರಿದಷ್ಟೂ ಲಾಭ, ಗೋಡೆಗೆ ಬಡಿದರೆ ನಷ್ಟ. ಫಿಲ್ಮಿನ ಕಾಲದಲ್ಲಿ ಆನ್ಸೆಲ್ ಆ್ಯಡಮ್ಸ್, ಫ್ರೆಡ್ ಆರ್ಚರ್ ಕಲಿಸಿದ ಜೋನ್ ಪದ್ಧತಿ ನೆರಳಿಗೆ ಎಕ್ಸ್‌ಪೋಸ್ ಮಾಡಿ ಎನ್ನುತ್ತಿತ್ತು. ಡಿಜಿಟಲ್‌ನಲ್ಲಿ ಮೊದಲು ಕಾಯಬೇಕಾದದ್ದು ಬಿಳಿಯನ್ನು.

ಹೊಲದ ಚಿತ್ರಕ್ಕೆ ಎಫ್16 ಬೇಕೇಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಎಪಿಎಸ್‌-ಸಿ ಸೆನ್ಸರಿನ ಕ್ಯಾಮೆರಾದಲ್ಲಿ 18 ಎಂಎಂ ಲೆನ್ಸಿಗೆ ಎಫ್5.6 ಇಟ್ಟು ಮೂರು ಮೀಟರ್ ದೂರಕ್ಕೆ ಫೋಕಸ್ ಮಾಡಿ ನೋಡಿ. ಒಂದೂವರೆ ಮೀಟರಿನ ಗಿಡದಿಂದ ದಿಗಂತದ ಕಾರ್ಖಾನೆಯ ಚಿಮಣಿವರೆಗೆ ಎಲ್ಲವೂ ಸ್ಪಷ್ಟ. ಎಫ್16ಕ್ಕಿಂತ ಮೂರು ಸ್ಟಾಪ್, ಅಂದರೆ ಎಂಟು ಪಟ್ಟು ಬೆಳಕು ಹೆಚ್ಚು. ಹೊತ್ತು ಮೂಡಿದ ಸ್ವಲ್ಪ ಹೊತ್ತಿಗೇ ಐಎಸ್‌ಒ 100ರಲ್ಲಿ 1/125ರ ಆಸುಪಾಸು ಶಟರ್ ಸಿಗುತ್ತದೆ, ತಣ್ಣನೆ ಗಾಳಿಗೆ ತೂಗುವ ತೊಗರಿ ಟೊಂಗೆಯನ್ನು ನಿಲ್ಲಿಸಲು ಬಹುತೇಕ ಸಾಕು.

ಹೊತ್ತು ಮುಳುಗಿದ ಮೇಲೆ ಟ್ರೈಪಾಡ್ ಬೇಕು. ಎಫ್8, ಐಎಸ್‌ಒ 100ರಲ್ಲಿ ಕಾಲು ಸೆಕೆಂಡ್ ಕೇಳುವ ಬೆಳಕಿನಲ್ಲಿ ಕೈಯಲ್ಲೇ ಹಿಡಿದು 1/125ಕ್ಕೆ ತೆಗೆಯಬೇಕೆಂದರೆ ಐಎಸ್‌ಒ 3200 ಆಗುತ್ತದೆ. ಸೆನ್ಸರಿಗೆ ಸಿಕ್ಕದ್ದು ಬೆಳಕಿನ 32ನೇ ಒಂದು ಪಾಲು. ಮಳಖೇಡದಲ್ಲಿ ಕಾಗಿಣಾ ದಂಡೆಯ ಕೋಟೆಯಂಥ ಅಲುಗಾಡದ ವಸ್ತುವಿನ ಎದುರಿಗೆ ಟ್ರೈಪಾಡ್ ಹೂಡಿ, ಎರಡು ಸೆಕೆಂಡಿನ ಟೈಮರ್ ಹಾಕಿ, ಒಂದೇ ಚಿತ್ರವನ್ನು ಮತ್ತೆ ಮತ್ತೆ ತೆಗೆಯಬಹುದು. ನಾಲ್ಕರ ಸರಾಸರಿ ತೆಗೆದರೆ ನಾಯ್ಸ್ ಅರ್ಧಕ್ಕೆ, ಹದಿನಾರರ ಸರಾಸರಿಗೆ ಕಾಲು ಭಾಗಕ್ಕೆ ಇಳಿಯುತ್ತದೆ. ಒಳ್ಳೆಯ ಮೊಬೈಲುಗಳು ನೈಟ್ ಮೋಡಿನಲ್ಲಿ ಮಾಡುವುದೂ ಇದನ್ನೇ, ಹಲವು ಚಿಕ್ಕ ಎಕ್ಸ್‌ಪೋಷರ್‌ಗಳನ್ನು ಒಂದರ ಮೇಲೊಂದು ಕೂಡಿಸುವುದು. ಮೊಬೈಲಿನವರೂ ಪರದೆಯನ್ನು ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿದರೆ ಹೊಲಕ್ಕೊಂದು ಬಣ್ಣ ಬರುವುದು ತಪ್ಪುತ್ತದೆ.

ಬೇಸಿಗೆಗೆ ಇನ್ನೊಂದು ಮಾತು. ಸೆನ್ಸರ್ ಕಾದಷ್ಟೂ ಬೆಳಕಿಲ್ಲದೆಯೂ ವಿದ್ಯುತ್ ಸೋರುತ್ತದೆ. ಸರಿಸುಮಾರು ಪ್ರತಿ 6ರಿಂದ 8 ಡಿಗ್ರಿಗೆ ಆ ಸೋರಿಕೆ ಇಮ್ಮಡಿಸುತ್ತದೆ. ಕಲಬುರಗಿಯ ಮೇ ಬಿಸಿಲಲ್ಲಿ ಬೈಕಿನ ಡಬ್ಬಿಯಲ್ಲಿಟ್ಟ ಕ್ಯಾಮೆರಾದಿಂದ ರಾತ್ರಿಯ ದೀರ್ಘ ಎಕ್ಸ್‌ಪೋಷರ್ ತೆಗೆಯುವ ಮುನ್ನ ಅದು ತಣಿಯಲು ಹೊತ್ತು ಕೊಡಿ.

ಇಷ್ಟೆಲ್ಲ ಲೆಕ್ಕ ಏಕೆ? ಎರೆ ಮಣ್ಣು ಮಳೆಗೆ ನೆನೆದಾಗ ಕಡುಗಪ್ಪು, ಫೆಬ್ರುವರಿಯಲ್ಲಿ ಬಿರುಕು ಬಿಟ್ಟಾಗ ತುಸು ತಿಳಿ. ಆಟೊ ಎಕ್ಸ್‌ಪೋಷರ್ ಎರಡನ್ನೂ ಒಂದೇ ಬೂದಿ ಬಣ್ಣಕ್ಕೆ ತಂದು, ಮಳೆ ಬಂದ ವರ್ಷಕ್ಕೂ ಬಾರದ ವರ್ಷಕ್ಕೂ ಇರುವ ವ್ಯತ್ಯಾಸವನ್ನು ಅಳಿಸಿಬಿಡುತ್ತದೆ. ಕಲ್ಲಿನ ದೂಳು ಕೂತ ತೊಗರಿ ಎಲೆಯ ಮಂಕುತನವೂ ಹಾಗೆಯೇ ಅಳಿಯುತ್ತದೆ. ಈ ಸೀಮೆಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ಆ ಬೆಳೆ ನಿಂತ ನೆಲವೇ ವರ್ಷ ವರ್ಷ ಖಣಿಗೆ ಹೋಗುತ್ತಿದೆ. ಕುರಕುಂಟಾದಲ್ಲಿ ಸಿಮೆಂಟ್ ಕಾರ್ಪೊರೇಷನ್ನಿನ ಉತ್ಪಾದನೆ ನಿಂತು ದಶಕಗಳಾದವು, ಆದರೆ ಅಗೆದ ನೆಲ ಮತ್ತೆ ಹೊಲವಾಗುವುದಿಲ್ಲ. ಯಾವ ಹೊಲ ಎಲ್ಲಿತ್ತು, ಅದರ ಮಣ್ಣು ಎಷ್ಟು ಕಪ್ಪಿತ್ತು ಎಂದು ನಾಳೆ ಯಾರಾದರೂ ಕೇಳಿದರೆ ಉತ್ತರ ಕೊಡಬಲ್ಲ ದಾಖಲೆ ಚಿತ್ರ ಮಾತ್ರ. ಬಣ್ಣ ಬಣ್ಣಕ್ಕೆ ತಾಳೆಯಾಗದ ಚಿತ್ರವನ್ನು ಸಾಕ್ಷಿಗೆ ತರಲಾಗುವುದಿಲ್ಲ.

ಈ ಹಂಗಾಮಿನಲ್ಲಿ ನಿಮ್ಮ ಊರಿನ ಒಂದು ಹೊಲವನ್ನು ಆರಿಸಿಕೊಳ್ಳಿ. ನಿಲ್ಲುವ ಜಾಗ, ಲೆನ್ಸ್, ಹೊತ್ತು ಗುರುತು ಮಾಡಿಕೊಳ್ಳಿ. ವೈಟ್ ಬ್ಯಾಲೆನ್ಸನ್ನು ಆಟೊದಿಂದ ತೆಗೆದು ಬಿಸಿಲಿನ ಗುರುತಿಗೆ ಇಡಿ, ರಾ ಫೈಲಿನಲ್ಲಿ ತೆಗೆಯಿರಿ. ಹೂವಿಗೆ, ಕಾಯಿಗೆ, ಕೊಯ್ಲಿಗೆ, ನೇಗಿಲು ಹೊಡೆದಾಗ, ಮೊದಲ ಮಳೆಗೆ, ಪ್ರತಿ ಸಲವೂ ಬಿದ್ದ ಬೆಳಕನ್ನೇ ಅಳೆದು ತೆಗೆಯಿರಿ. ಅಳತೆಯನ್ನೂ ತಾರೀಖನ್ನೂ ಚಿತ್ರದ ಜೊತೆಗೇ ಬರೆದಿಡಿ. ವರ್ಷ ತುಂಬಿದಾಗ ಅವನ್ನು ಸಾಲಾಗಿ ಇಟ್ಟರೆ, ಬದಲಾದದ್ದೆಲ್ಲ ಹೊಲದ್ದೇ ಎಂದು ನೀವು ಧೈರ್ಯವಾಗಿ ಹೇಳಬಹುದು.