ಮೂರು ಗಾಜಿನ ಲೆನ್ಸು, ಗಂಜಾಂನ ಗುಂಬಜ್

ಶ್ರೀರಂಗಪಟ್ಟಣದ ಕೋಟೆಯಿಂದ ಹೊರಬಿದ್ದು ಗಂಜಾಂ ಕಡೆಗೆ ಹೊರಟರೆ ಮೊದಲು ದರಿಯಾ ದೌಲತ್ ಸಿಗುತ್ತದೆ. ಇನ್ನೂ ಮುಂದೆ ಹೋದರೆ ಹೈದರಾಲಿ, ಅವರ ಪತ್ನಿ ಫಖ್ರುನ್ನಿಸಾ ಮತ್ತು ಮಗ ಟಿಪ್ಪು ಸುಲ್ತಾನ್ ಒಟ್ಟಿಗೆ ಮಲಗಿರುವ ಗುಂಬಜ್ ಇದೆ. ಇಲ್ಲಿಗೆ ಕ್ಯಾಮೆರಾ ಹಿಡಿದು ಬರುವವರಿಗೆ ಯಾವ ಕಾಲದಲ್ಲೂ ಕೊರತೆ ಇರಲಿಲ್ಲ. ಆದರೆ ಕಳೆದ ಹತ್ತು ಹದಿನೈದು ವರ್ಷಗಳಿಂದ ಹೊಸ ಬಗೆಯ ಛಾಯಾಗ್ರಾಹಕರನ್ನು ನಾವು ಕಾಣುತ್ತಿದ್ದೇವೆ. ಅವರ ಕ್ಯಾಮೆರಾ ಹೊಸದು, ಅದಕ್ಕೆ ತಿರುಗಿಸಿ ಸಿಕ್ಕಿಸಿದ ಲೆನ್ಸು ಮಾತ್ರ ಐವತ್ತು ಅರವತ್ತು ವರ್ಷ ಹಳೆಯದು. ಅದರಲ್ಲಿ ತಾನಾಗಿ ಫೋಕಸ್ ಆಗುವ ಯಂತ್ರವಿಲ್ಲ, ಉಂಗುರವನ್ನು ಕೈಯಿಂದಲೇ ತಿರುಗಿಸಬೇಕು. ಒಳಗೆ ಇರುವುದು ಬರೀ ಮೂರು ಗಾಜು.

ಈ ಲೆನ್ಸುಗಳಿಂದ ತೆಗೆದ ಚಿತ್ರಗಳನ್ನು ನಾವು ಸಾಕಷ್ಟು ನೋಡಿದ್ದೇವೆ. ಬಹುತೇಕ ಎಲ್ಲವೂ ಒಂದೇ ಅಚ್ಚಿನವು. ಮುಂದೆ ಒಂದು ಹೂವು, ಅಥವಾ ಕೈಯಲ್ಲಿ ತಸ್ಬೀಹ್ ಹಿಡಿದ ಒಬ್ಬ ವೃದ್ಧೆ. ಹಿಂದೆ ಎಲೆಗಳ ನಡುವಿನಿಂದ ಬರುವ ಬಿಸಿಲು ಒಡೆದು ನೂರಾರು ಸೋಪಿನ ಗುಳ್ಳೆಗಳಂತೆ ಹರಡಿರುತ್ತದೆ. ಗುಂಬಜ್ ಇರುತ್ತದೆ, ಆದರೆ ಅದು ಬಿಳಿಯ ಒಂದು ಮಚ್ಚೆ. ನೋಡಲು ಚೆಂದ, ಸಂಶಯವಿಲ್ಲ. ಹತ್ತು ಚಿತ್ರ ನೋಡಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ. ಈ ಚಿತ್ರ ಗಂಜಾಂನದೇ ಆಗಬೇಕಿತ್ತೇ? ಯಾವ ಊರಿನ ಯಾವ ತೋಟದಲ್ಲಿ ನಿಂತು ತೆಗೆದಿದ್ದರೂ ಹೀಗೇ ಇರುತ್ತಿತ್ತಲ್ಲವೇ?

ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಲೆನ್ಸಿನ ಕತೆಯನ್ನೇ ಸ್ವಲ್ಪ ನೋಡಬೇಕು. ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ದೂರದರ್ಶಕಗಳನ್ನು ತಯಾರಿಸುತ್ತಿದ್ದ ಟಿ. ಕುಕ್ ಅಂಡ್ ಸನ್ಸ್ ಸಂಸ್ಥೆಯ ಹೆರಾಲ್ಡ್ ಡೆನ್ನಿಸ್ ಟೇಲರ್ 1893ರಲ್ಲಿ ಈ ವಿನ್ಯಾಸಕ್ಕೆ ಪೇಟೆಂಟ್ ಪಡೆದರು. ಸಂಸ್ಥೆಗೆ ಕ್ಯಾಮೆರಾ ಲೆನ್ಸು ಮಾಡುವ ಆಸಕ್ತಿ ಇರಲಿಲ್ಲ. ಹಾಗಾಗಿ ಲೆಸ್ಟರ್‌ನ ಇನ್ನೊಂದು ಕಂಪನಿ ಅದನ್ನು 'ಕುಕ್' ಹೆಸರಿನಲ್ಲೇ ತಯಾರಿಸಿತು. ಎರಡು ಬದಿಗೆ ಕ್ರೌನ್ ಗಾಜಿನ ಪೀನ ಮಸೂರಗಳು, ನಡುವೆ ಫ್ಲಿಂಟ್ ಗಾಜಿನ ಒಂದು ನಿಮ್ನ ಮಸೂರ, ಅವುಗಳ ಮಧ್ಯೆ ಗಾಳಿಯ ಅಂತರ. ಇಷ್ಟೇ ಇದರ ರಚನೆ.

ಮಸೂರದ ಮೂಲಕ ಹಾಯುವ ಬೆಳಕಿಗೆ ಏಳು ಮುಖ್ಯ ದೋಷಗಳು ಅಂಟಿಕೊಳ್ಳುತ್ತವೆ. ಬಣ್ಣಗಳು ಬೇರ್ಪಡುವುದು, ಅಂಚು ಮಸುಕಾಗುವುದು, ನೇರ ಗೆರೆ ಬಾಗುವುದು ಇತ್ಯಾದಿ. ಟೇಲರ್ ಕೈಯಲ್ಲಿ ಮೂರು ಗಾಜುಗಳ ಆರು ಮೈಗಳ ಬಾಗು ಮತ್ತು ಎರಡು ಅಂತರಗಳು, ಒಟ್ಟು ಎಂಟು ಹಿಡಿಕೆಗಳಿದ್ದವು. ಏಳು ದೋಷಗಳನ್ನು ಹತೋಟಿಗೆ ತರಲು ಏಳು, ಲೆನ್ಸಿನ ಶಕ್ತಿಯನ್ನು ನಿಗದಿ ಮಾಡಲು ಒಂದು. ಲೆಕ್ಕ ಸರಿಹೋಯಿತು. ಇದಕ್ಕಿಂತ ಕಡಿಮೆ ಗಾಜಿನಲ್ಲಿ ಈ ಕೆಲಸ ಸಾಧ್ಯವಿಲ್ಲ. ಸರಳತೆ ಎಂದು ನಾವು ಏನನ್ನು ಹೊಗಳುತ್ತೇವೋ ಅದರ ಒಳ್ಳೆಯ ಉದಾಹರಣೆ ಇದು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಆ ಕಾಲದ ಅನೇಕ ಲೆನ್ಸುಗಳು ಚಿತ್ರದ ನಡುವನ್ನು ಸ್ಪಷ್ಟವಾಗಿ ತೋರಿಸಿ ಅಂಚನ್ನು ಕೈಬಿಡುತ್ತಿದ್ದವು. ಟೇಲರ್ ಬಯಸಿದ್ದು ಅಂಚಿನವರೆಗೂ ಸ್ಪಷ್ಟವಾಗಿರುವ ಚಿತ್ರವನ್ನು. ಅಂದರೆ ಮೂರು ಗಾಜಿನ ಲೆನ್ಸು ಹುಟ್ಟಿದ್ದೇ ಅಂಚಿನಲ್ಲಿರುವುದನ್ನು ಕಾಣಿಸಲಿಕ್ಕೆ.

ಮುಂದೆ 1902ರಲ್ಲಿ ಝೈಸ್ ಕಂಪನಿಯ ನಾಲ್ಕು ಗಾಜಿನ 'ಟೆಸ್ಸಾರ್' ಬಂತು. ಅದು ಹೆಚ್ಚು ಬೆಲೆಯ ಕ್ಯಾಮೆರಾಗಳಿಗೆ ಹೋಯಿತು. ಮೂರು ಗಾಜಿನದು ಜನಸಾಮಾನ್ಯರ ಕ್ಯಾಮೆರಾಗಳಿಗೆ ಉಳಿಯಿತು. ಆಗ್ಫಾ ಐಸೋಲೆಟ್‌ನ 'ಆಗ್ನಾರ್', ರೋಲಿಕಾರ್ಡ್‌ನ 'ಟ್ರಯೋಟಾರ್', ಯಾಶಿಕಾ-ಎ ಕ್ಯಾಮೆರಾದ 'ಯಾಶಿಕಾರ್', ರಷ್ಯದ ಲುಬಿಟೆಲ್‌ನ 'ಟಿ-22' ಎಲ್ಲವೂ ಇದೇ ಕುಟುಂಬದವು. ಪೂರ್ವ ಜರ್ಮನಿಯ ಗೋರ್ಲಿಟ್ಜ್ ಊರಿನ ಮೇಯರ್ ಕಾರ್ಖಾನೆ 'ಟ್ರಯೋಪ್ಲಾನ್' ಮತ್ತು 'ಡೋಮಿಪ್ಲಾನ್' ಎಂಬ ಲೆನ್ಸುಗಳನ್ನು ಮಾಡುತ್ತಿತ್ತು. ಇಂದು ಸಂಗ್ರಹಕಾರರು ಮುಗಿಬೀಳುತ್ತಿರುವುದು ಮುಖ್ಯವಾಗಿ ಇವುಗಳ ಮೇಲೆ, ಅದರಲ್ಲೂ 100 ಮಿಲಿಮೀಟರಿನ ಟ್ರಯೋಪ್ಲಾನ್ ಮೇಲೆ.

ಕಾರಣ ಆ ಸೋಪಿನ ಗುಳ್ಳೆಗಳೇ. ಲೆನ್ಸಿನ ಕಂಡಿಯನ್ನು ಪೂರ್ತಿ ತೆರೆದು, ಅಂದರೆ 2.8ರಲ್ಲಿಟ್ಟು ತೆಗೆದಾಗ, ಹಿನ್ನೆಲೆಯ ಹೊಳೆಯುವ ಚುಕ್ಕೆಗಳ ಬೆಳಕು ವೃತ್ತದ ನಡುವಿನಲ್ಲಿ ಕಡಿಮೆಯಾಗಿ ಅಂಚಿನಲ್ಲಿ ಗುಡ್ಡೆಯಾಗುತ್ತದೆ. ಗೋಳೀಯ ವಿಪಥನ ಎಂಬ ದೋಷವನ್ನು ತಿದ್ದಲು ಹೋಗಿ ಸ್ವಲ್ಪ ಅತಿಯಾಗಿ ತಿದ್ದಿದ್ದರ ಫಲ ಇದು. ಕಂಡಿಯನ್ನು 8ಕ್ಕೆ ಇಳಿಸಿದರೆ ಗುಳ್ಳೆಗಳು ಮಾಯವಾಗಿ, ಅದೇ ಲೆನ್ಸು ಅಂಚಿನವರೆಗೂ ಅಚ್ಚುಕಟ್ಟಾದ ಚಿತ್ರ ಕೊಡುತ್ತದೆ. ಆದರೆ ಹತ್ತಾರು ಸಾವಿರ ರೂಪಾಯಿ ತೆತ್ತು ಅದನ್ನು ಕೊಂಡವರು ಕಂಡಿ ಇಳಿಸುವುದಿಲ್ಲ. ಇಳಿಸಿದರೆ ಕೊಂಡದ್ದು ವ್ಯರ್ಥ ಎಂಬ ಭಾವನೆ. ಅಂಚನ್ನು ಕಾಣಿಸಲು ಹುಟ್ಟಿದ ವಸ್ತು ಹೀಗೆ ಹಿನ್ನೆಲೆಯನ್ನು ಅಳಿಸುವ ಸಾಧನವಾಗಿದೆ.

ಹುಚ್ಚು ಎಷ್ಟರ ಮಟ್ಟಿಗೆ ಬೆಳೆಯಿತೆಂದರೆ, 2015ರಲ್ಲಿ ಜರ್ಮನಿಯಲ್ಲಿ ಜನರಿಂದ ಮುಂಗಡ ಹಣ ಸಂಗ್ರಹಿಸಿ ಟ್ರಯೋಪ್ಲಾನನ್ನು ಹೊಸದಾಗಿ ತಯಾರಿಸುವ ಯೋಜನೆ ನಡೆಯಿತು. ಅದರ ಹಿಂದಿದ್ದ ಕಂಪನಿ 2018ರಲ್ಲಿ ದಿವಾಳಿಯಾಯಿತು. ಅದು ಪ್ರಕಟಿಸಿದ ಲೆನ್ಸುಗಳಿಗಾಗಿ ಹಣ ಕೊಟ್ಟ ಅನೇಕರಿಗೆ ಲೆನ್ಸೂ ಬರಲಿಲ್ಲ, ಹಣವೂ ಬರಲಿಲ್ಲ. ಬಡವರ ಕ್ಯಾಮೆರಾದ ಲೆನ್ಸು ಶ್ರೀಮಂತರ ಶೋಕಿಯಾದಾಗ ಆಗುವುದು ಹೀಗೆಯೇ. ಒಂದು ಲೆನ್ಸಿನಿಂದ ಚಿತ್ರ ತೆಗೆಯುವುದು ಬೇರೆ, ಮೂವತ್ತು ಲೆನ್ಸುಗಳನ್ನು ಕಪಾಟಿನಲ್ಲಿ ಜೋಡಿಸಿಡುವುದು ಬೇರೆ. ಎರಡನೆಯದಕ್ಕೆ ನಮ್ಮಲ್ಲಿ ಇಸ್ರಾಫ್ ಎಂಬ ಹೆಸರಿದೆ. ಬಳಸದ ವಸ್ತುವಿನ ಮೇಲಿನ ಮೋಹವೂ ದುಂದೇ.

ಇನ್ನು ಗಂಜಾಂಗೆ ಬರೋಣ. ಈ ಊರನ್ನು ಮಬ್ಬಾಗಿ, ಮೋಹಕವಾಗಿ ತೋರಿಸುವ ಚಾಳಿ ಇಂದಿನದಲ್ಲ. ಟಿಪ್ಪು ಸಿರಾದಿಂದ ಸಾವಿರಾರು ಕುಟುಂಬಗಳನ್ನು ಕರೆತಂದು ನೆಲೆಗೊಳಿಸಿದ ಪೇಟೆ ಇದೆಂದು ಗೆಜೆಟಿಯರ್‌ಗಳು ಹೇಳುತ್ತವೆ. ಅದರ ಪಕ್ಕದಲ್ಲೇ ಲಾಲ್‌ಬಾಗ್ ಎಂಬ ತೋಟವಿತ್ತು, ಅದರ ನಡುವೆ ಗುಂಬಜ್. 1792ರ ಮುತ್ತಿಗೆಯ ವೇಳೆ ಕಾರ್ನ್‌ವಾಲಿಸನ ಸೈನ್ಯ ಈ ತೋಟದಲ್ಲಿ ಬೀಡುಬಿಟ್ಟು, ಕೋಟೆಗೆ ಲಗ್ಗೆ ಹಾಕಲು ಬೇಕಾದ ಕಟ್ಟಿಗೆಗಾಗಿ ಸಾಲು ಮರಗಳನ್ನು ಕಡಿಯಿತು. ತೋಟದ ಅರಮನೆಯನ್ನು ಆಸ್ಪತ್ರೆ ಮಾಡಿಕೊಂಡಿತು. ಅದೇ ಸೈನ್ಯದ ಜೊತೆಗೆ ಬಂದ ಚಿತ್ರಕಾರ ರಾಬರ್ಟ್ ಹೋಮ್ ಮೈಸೂರು ಸೀಮೆಯ ದೃಶ್ಯಗಳ ಪುಸ್ತಕವನ್ನು 1794ರಲ್ಲಿ ಪ್ರಕಟಿಸಿದ. ಸೈನ್ಯಾಧಿಕಾರಿ ಜೇಮ್ಸ್ ಹಂಟರ್ ಬರೆದ ಚಿತ್ರಗಳು ಅವನ ಮರಣಾನಂತರ 1805ರ ಹೊತ್ತಿಗೆ ಲಂಡನ್ನಿನಲ್ಲಿ ಬಣ್ಣದಲ್ಲಿ ಅಚ್ಚಾದವು. ಲಾಲ್‌ಬಾಗಿನ ಹೈದರ್ ಗೋರಿಯ ಚಿತ್ರವೂ ಅವುಗಳಲ್ಲಿದೆ. ತಿಳಿ ಆಕಾಶ, ಮೃದುವಾದ ಬೆಳಕು, ಪ್ರಶಾಂತ ಸಮಾಧಿ. ಕಡಿದುರುಳಿದ ಮರಗಳ ನೋವು ಅಲ್ಲಿಲ್ಲ. ಲಂಡನ್ನಿನ ಓದುಕೋಣೆಗೆ ಬೇಕಾಗಿದ್ದು ಸುಂದರ ಪೂರ್ವದೇಶ, ಅದು ಸಿಕ್ಕಿತು.

ಇಂದಿನ ಗುಳ್ಳೆ ಚಿತ್ರ ತೆಗೆಯುವ ಹುಡುಗರಿಗೆ ಅಂಥ ಉದ್ದೇಶವಿದೆ ಎಂದು ನಾವು ಹೇಳುವುದಿಲ್ಲ. ಅವರಲ್ಲಿ ನಮ್ಮ ಮಕ್ಕಳೂ ಇದ್ದಾರೆ, ಗುಂಬಜಿನ ಮೇಲೆ ಪ್ರೀತಿ ಇಟ್ಟವರೂ ಇದ್ದಾರೆ. ಆದರೆ ಫಲಿತಾಂಶ ಒಂದೇ ದಿಕ್ಕಿನದು. ಗೋರಿ ಒಂದು ಅಲಂಕಾರವಾಗುತ್ತದೆ. ಅಲ್ಲಿ ಫಾತಿಹಾ ಓದಲು ಬಂದವರು, ಹೂ ಮಾರುವವರು, ಉರೂಸಿಗೆ ದೂರದಿಂದ ಬಂದು ಮರದ ನೆರಳಲ್ಲಿ ಬುತ್ತಿ ಬಿಚ್ಚಿದ ಕುಟುಂಬಗಳು, ಪಕ್ಕದ ನಿಮಿಷಾಂಬಾ ಗುಡಿಗೆ ಬಂದು ಹಾಗೆಯೇ ಇತ್ತ ಬರುವವರು, ಇವರೆಲ್ಲ ಬೆಳಕಿನ ಗುಳ್ಳೆಗಳಾಗಿ ಕರಗುತ್ತಾರೆ. ಟಿಪ್ಪುವಿನ ಹೆಸರಿನಲ್ಲಿ ಇಷ್ಟೊಂದು ವಾದ ವಿವಾದ ನಡೆಯುತ್ತಿರುವಾಗ, ಅವರ ಗೋರಿಯ ಸುತ್ತ ದಿನನಿತ್ಯ ಬದುಕುವವರ ಸ್ಪಷ್ಟವಾದ ಒಂದು ಚಿತ್ರ ನಮ್ಮ ಬಳಿ ಇಲ್ಲವೆಂದರೆ ಅದು ಸಣ್ಣ ಕೊರತೆಯಲ್ಲ.

ಚಿತ್ರ ತೆಗೆಯುವುದರ ಬಗ್ಗೆಯೇ ನಮ್ಮ ಸಮುದಾಯದಲ್ಲಿ ಭಿನ್ನಾಭಿಪ್ರಾಯಗಳಿದ್ದವು, ಈಗಲೂ ಇವೆ. ಆ ಚರ್ಚೆ ಇಲ್ಲಿ ಬೇಡ. ಅದರ ಒಂದು ಪರಿಣಾಮವನ್ನಷ್ಟೇ ನೆನಪಿಸುತ್ತೇವೆ. ನಮ್ಮ ಅನೇಕ ಮನೆಗಳಲ್ಲಿ ಅಜ್ಜಿಯ ಒಂದೇ ಒಂದು ಫೋಟೋ ಇರುತ್ತದೆ. ಅದೂ ಹಜ್ಜಿನ ಪಾಸ್‌ಪೋರ್ಟಿಗೋ ಮತದಾರರ ಚೀಟಿಗೋ ತೆಗೆಸಿದ್ದು. ಫೋಟೋ ಕಡಿಮೆ ಇರುವ ಜನರಿಗೆ ಇರುವ ಪ್ರತಿಯೊಂದು ಫೋಟೋದ ಸ್ಪಷ್ಟತೆಯೂ ಮುಖ್ಯ.

ಈ ಮಾತನ್ನು ಹಳೆಯ ಸ್ಟುಡಿಯೋದವರು ನಮಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಮೂರು ಗಾಜಿನ ಲೆನ್ಸಿನ ಜೋಡಿಗಣ್ಣಿನ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಏರಿಸಿ ಶಾಲೆಯ ಗ್ರೂಪ್ ಫೋಟೋ ತೆಗೆಯುತ್ತಿದ್ದುದನ್ನು ಹಿರಿಯ ಓದುಗರು ನೆನಪಿಸಿಕೊಳ್ಳಬಹುದು. 120 ಅಳತೆಯ ಒಂದು ರೋಲಿನಲ್ಲಿ ಹನ್ನೆರಡು ಚೌಕದ ಚಿತ್ರ ಮಾತ್ರ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಫಿಲ್ಮಾದರೂ ಅದು ಪುಕ್ಕಟೆಯಲ್ಲ. ಕಂಡಿ ಪೂರ್ತಿ ತೆರೆದರೆ ನಡುವೆ ಕುಳಿತ ಹೆಡ್‌ಮಾಸ್ತರರು ಸ್ಪಷ್ಟವಾಗಿ ಬಂದು, ಸಾಲಿನ ತುದಿಯಲ್ಲಿ ನಿಂತ ಹುಡುಗನ ಮುಖ ಮಸುಕಾಗುತ್ತದೆ. ಅದಕ್ಕೇ ಅವರು ಕಂಡಿಯನ್ನು 11ಕ್ಕೆ ಇಳಿಸಿ, ಶಟರ್ ನಿಧಾನ ಮಾಡಿ, ಯಾರೂ ಅಲುಗಾಡಬೇಡಿ ಎಂದು ಗದರಿಸುತ್ತಿದ್ದರು. ಆ ಗದರಿಕೆಯಲ್ಲಿ ಒಂದು ನ್ಯಾಯವಿತ್ತು. ತುದಿಯಲ್ಲಿ ನಿಂತವನೂ ಕಾಸು ಕೊಟ್ಟಿದ್ದಾನೆ, ಅವನ ತಾಯಿಯೂ ಆ ಫೋಟೋದಲ್ಲಿ ಮಗನನ್ನು ಹುಡುಕುತ್ತಾಳೆ.

ಪರೀಕ್ಷಿಸಿ ನೋಡದೆ ವಿಮರ್ಶೆ ಬರೆಯುವುದು ಸರಿಯಲ್ಲವೆಂದು ನಾವೂ ಒಂದು 50 ಮಿಲಿಮೀಟರ್ ಡೋಮಿಪ್ಲಾನನ್ನು ಕೊಂಡೆವು. ಮಾರಿದವರು ಗಾಜು ಶುದ್ಧವಾಗಿದೆ ಎಂದಿದ್ದರು. ದೀಪಕ್ಕೆ ಹಿಡಿದು ನೋಡಿದಾಗ ಒಳಗೆ ಜೇಡರ ಬಲೆಯಂಥ ಬೂಸ್ಟು ಕಂಡಿತು. ತೇವದ ಹವೆಯಲ್ಲಿ ಮುಚ್ಚಿಟ್ಟ ಲೆನ್ಸಿಗೆ ಈ ರೋಗ ಸಾಮಾನ್ಯ. ಬಿಚ್ಚಿ ಒರೆಸಿ, 42 ಮಿಲಿಮೀಟರ್ ತಿರುಪಿನ ಅದರ ಬಾಯಿಗೆ ಒಂದು ಅಡಾಪ್ಟರ್ ಹಾಕಿ, ಇಂದಿನ ಕನ್ನಡಿಯಿಲ್ಲದ ಡಿಜಿಟಲ್ ಕ್ಯಾಮೆರಾಕ್ಕೆ ಜೋಡಿಸಿದೆವು. ಹಳೆಯ ಲೆನ್ಸು ಫಿಲ್ಮಿನಿಂದ ಸುಮಾರು ನಾಲ್ಕೂವರೆ ಸೆಂಟಿಮೀಟರ್ ದೂರದಲ್ಲಿ ಕೂರಬೇಕು. ಹೊಸ ಕ್ಯಾಮೆರಾಗಳಲ್ಲಿ ಕನ್ನಡಿ ಹೋಗಿ ಜಾಗ ಮಿಕ್ಕಿರುವುದರಿಂದ ಖಾಲಿ ಉಂಗುರವೇ ಸಾಕಾಗುತ್ತದೆ. ಹಳೆಯ ಲೆನ್ಸುಗಳಿಗೆ ಮತ್ತೆ ಜೀವ ಬರಲು ಈ ತಾಂತ್ರಿಕ ಸಂಗತಿಯೂ ಕಾರಣ.

ಮೊದಲ ದಿನ ನಾವೂ ಎಲ್ಲರಂತೆ ಗುಳ್ಳೆಗಳನ್ನೇ ಹಿಡಿದೆವು. ಹೂ ಮಾರುವ ಹಿರಿಯರೊಬ್ಬರ ಚಿತ್ರ ತೆಗೆದು, ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ತೋರಿಸಿದೆವು. ಅವರು ಕಣ್ಣು ಕಿರಿದು ಮಾಡಿ ನೋಡಿ, "ನಾನು ಬಂದಿದ್ದೀನಿ ಬೇಟಾ, ಆದರೆ ನನ್ನ ಗುಂಬಜ್ ಎಲ್ಲಿ?" ಎಂದರು. ನಮ್ಮ ಬಳಿ ಉತ್ತರವಿರಲಿಲ್ಲ. "ಚಾಚಾ, ಇನ್ನೊಂದು ತೆಗೀತೀವಿ, ಸ್ವಲ್ಪ ನಿಲ್ಲಿ" ಎಂದು ಕಂಡಿಯನ್ನು 8ಕ್ಕೆ ಇಳಿಸಿದೆವು. ಆ ಲೆನ್ಸಿನಲ್ಲಿ ಮುಕ್ಕಾಲು ಮೀಟರಿಗಿಂತ ಹತ್ತಿರದ ಫೋಕಸ್ ಸಿಗುವುದಿಲ್ಲ. ಬಹಳ ದೂರದಿಂದ ಕದ್ದು ತೆಗೆಯಲೂ ಆಗುವುದಿಲ್ಲ. ನಾಲ್ಕಾರು ಹೆಜ್ಜೆ ದೂರದಲ್ಲಿ ಎದುರು ನಿಂತು, ಕೇಳಿ, ಉಂಗುರ ತಿರುಗಿಸುವಷ್ಟು ಹೊತ್ತು ಮಾತನಾಡುತ್ತ ತೆಗೆಯಬೇಕು. ಎರಡನೆಯ ಚಿತ್ರದಲ್ಲಿ ಅವರ ಮುಖವಿತ್ತು, ಬುಟ್ಟಿಯಿತ್ತು, ಹಿಂದೆ ಸ್ವಲ್ಪ ಮೆದುವಾದರೂ ಗುರುತು ಸಿಗುವಂತೆ ಗುಮ್ಮಟವೂ ಕರಿಕಲ್ಲಿನ ಕಂಬಸಾಲೂ ಇದ್ದವು. ಅದರ ಒಂದು ಪ್ರತಿ ಹಾಕಿಸಿ ಕೊಟ್ಟಾಗ ಅವರು ಅದನ್ನು ಜೇಬಿನಲ್ಲಿಟ್ಟುಕೊಂಡರು.

ಹಾಗಾದರೆ ಹಳೆಯ ಲೆನ್ಸಿನಿಂದ ಪ್ರಯೋಜನವೇನು? ಗಾಜಿಗೆ ಲೇಪನವಿಲ್ಲದಿದ್ದರೆ ಗಾಳಿಗೆ ತೆರೆದ ಆರು ಮೈಗಳಲ್ಲಿ ಒಂದೊಂದೂ ಶೇಕಡಾ 4ರಷ್ಟು ಬೆಳಕನ್ನು ಹಿಂದಕ್ಕೆ ಚಿಮ್ಮಿಸಿ, ಒಟ್ಟು ಐದನೆಯ ಒಂದು ಭಾಗ ನಷ್ಟವಾಗುತ್ತದೆ. ಎದುರು ಬಿಸಿಲಿಗೆ ಚಿತ್ರ ಹಾಲು ಚೆಲ್ಲಿದಂತಾಗುತ್ತದೆ. ಈ ಕುಂದುಗಳನ್ನು ತಿಳಿದೂ ಅದನ್ನು ಬಳಸಲು ಯೋಗ್ಯ ಕಾರಣಗಳಿವೆ. ಅಗ್ಗದ ಡೋಮಿಪ್ಲಾನಿನಂಥ ಲೆನ್ಸು ವಿದ್ಯಾರ್ಥಿಯ ಕೈಗೆ ಎಟಕುತ್ತದೆ. ಬಿಚ್ಚಿದರೆ ಅದು ಹೇಗೆ ಕೆಲಸ ಮಾಡುತ್ತದೆಂದು ಕಣ್ಣಿಗೇ ಕಾಣುತ್ತದೆ. ಅವಸರ ತಗ್ಗುತ್ತದೆ. ಸಾವಿರ ವರ್ಷದ ಹಿಂದೆ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್, ವಸ್ತುವಿನ ಪ್ರತಿ ಬಿಂದುವಿನಿಂದಲೂ ಬೆಳಕು ಎಲ್ಲ ದಿಕ್ಕಿಗೂ ಹರಡುತ್ತದೆಂದು ವಿವರಿಸಿದರು. ಕತ್ತಲ ಕೋಣೆಯ ಕಿರುರಂಧ್ರದಿಂದ ಬೆಳಕು ಹಾಯುವುದನ್ನು ಪರೀಕ್ಷಿಸಿದರು. ಯಾವ ಬಿಂದುವೂ ಬೆಳಕಿನ ಲೆಕ್ಕದಿಂದ ಹೊರಗಿಲ್ಲ ಎಂಬ ಆ ವಿದ್ಯೆಯ ವಾರಸುದಾರಿಕೆ ನಮ್ಮದೆಂದು ಹೆಮ್ಮೆಪಡುವುದಾದರೆ, ಕ್ಯಾಮೆರಾ ಹಿಡಿದಾಗಲೂ ಅದು ನೆನಪಿರಬೇಕು.

ಗುಳ್ಳೆಗಳನ್ನು ಯಾರೂ ಹಿಡಿಯಬಾರದೆಂದು ನಮ್ಮ ವಾದವಲ್ಲ. ಗಂಜಾಂಗೆ ಹೋಗುವ ಯುವ ಛಾಯಾಗ್ರಾಹಕರಿಗೆ ನಮ್ಮದೊಂದೇ ಕೋರಿಕೆ. ನಿಮ್ಮ ಇಷ್ಟದ ಚಿತ್ರ ತೆಗೆದುಕೊಳ್ಳಿ. ಆಮೇಲೆ ಕಂಡಿಯ ಉಂಗುರವನ್ನು ಎರಡು ಮೂರು ಗೆರೆ ತಿರುಗಿಸಿ, ಅಲ್ಲಿರುವವರನ್ನು ಮಾತನಾಡಿಸಿ, ಇನ್ನೊಂದು ಚಿತ್ರ ತೆಗೆಯಿರಿ. ಅದರ ಒಂದು ಪ್ರತಿಯನ್ನು ಅವರಿಗೇ ಕೊಟ್ಟು ಬನ್ನಿ.